ಕೊರಳಿಗೆ ಬಿದ್ದು ಅತ್ತದ್ದು

ರಾಯಚೂರಿನ ಬಸ್ ನಿಲ್ದಾಣದಲ್ಲಿ ನನ್ನ ಪಕ್ಕ ಇಬ್ಬರು ಹೆಂಗಸರು ದೇವದುರ್ಗದ ಬಸ್ಸಿಗೆ ಕಾಯುತ್ತಿದ್ದರು. ಕಿರಿಯವಳ ಓರಗಿತ್ತಿಯನ್ನು ಮಣ್ಣು ಮಾಡಿ ಬಂದಿದ್ದರು.

“ಮೂರು ವರ್ಷ ಆಕಿ ಕೂಡ ಮಾತಾಡಿದ್ದಿಲ್ಲ, ದೊಡ್ಡವ್ವ. ಮಂದಿ ನೋಡಾಕತ್ತಾರಂತ ಆಕಿ ಮಗಳ ಕೊರಳಿಗೆ ಬಿದ್ದು ಸುಳ್ಳ ಅಳಾಕ ಸುರು ಮಾಡಿದೆ.”

“ಎಲ್ಲಾರೂ ಹಂಗ ಮಾಡ್ತಾರ, ದುರುಗಮ್ಮ.”

“ಆಮ್ಯಾಲ ಖರೇನ ದುಃಖ ಬಂತು. ನಿಲ್ಲಲಿಲ್ಲ.”

ಅಳುವುದರಿಂದಲೇ ದುಃಖ ಹುಟ್ಟುತ್ತದೆಂಬ ಸಿದ್ಧಾಂತವನ್ನು ನಾನು ಎಂ.ಎ. ಮನಃಶಾಸ್ತ್ರದ ಪರೀಕ್ಷೆಯಲ್ಲಿ ಬರೆದಿದ್ದೆ. ನನ್ನ ಗಂಡ ತೀರಿಕೊಂಡಾಗ ಯಾರ ಕೊರಳಿಗೂ ಬೀಳಲಿಲ್ಲ.

“ಖರೇ ಬಂದ ಮ್ಯಾಲ ನಾಚಿಕಿ ಯಾಕ ಬೇ? ಮುಖ ಎತ್ತು.”

“ಆ ಹುಡುಗಿ, ‘ನಮ್ಮವ್ವನ ಮ್ಯಾಲ ನಿನಗ ಎಷ್ಟ ಜೀವ ಇತ್ತು, ಚಿಗವ್ವ’ ಅಂತು. ನಾ ಹೂಂ ಅಂದೆ.”

ಬಸ್ಸು ಬಂತು.

“ಈಗ್ಯಾಕ ಅಳಾಕತ್ತಿ, ದುರುಗಮ್ಮ? ಇಲ್ಲಿ ಯಾರು ನೋಡ್ತಾರ?”

ನೋಡುತ್ತಿದ್ದ ನಾನು ಮುಖ ತಿರುಗಿಸಿದೆ. ಅವರು ಬಸ್ಸು ಹತ್ತಿದರು.