ಎಡಗೈ ಗವಸು

ಮುಟ್ಟಬೇಡಿ ಅಂದೆ ತಾನೇ! ಕೇಳದೆ ಗಾಜಿನ ಬಾಗಿಲು ತೆಗೆದದ್ದಲ್ಲದೆ ಒಳಗೆ ಕೈ ಬೇರೆ ಹಾಕ್ತೀರಿ... ಅತ್ತಿಗೆ, ಇದು ಅಂಗಡಿ, ನಿಮ್ಮ ಅಡುಗೆಮನೆ ಅಲ್ಲ. ಹತ್ತೊಂಬತ್ತು ವರ್ಷ ಈ ಮೈದುನ ಇದ್ದಾನೋ ಸತ್ತನೋ ಅಂತ ಕೇಳ್ಲಿಲ್ಲ. ಪೇಪರಿನಲ್ಲಿ ಹರಾಜಿನ ಫೋಟೋ ನೋಡಿದ್ದೇ ತಡ, ಓಡಿ ಬಂದ್ರಿ!

ಯಾಕೆ ಮೂಗು ಮುರೀತೀರಿ? ಗುಜರಿ ಅಂತಾನಾ? ಹೂಂ, ಗುಜರಿಯೇ. ಆದ್ರೆ ಆಕಾಶಕ್ಕೆ ಹೋಗಿ ಬಂದ ಗುಜರಿ! ಆ ಸುಟ್ಟ ತಗಡು ನೋಡಿ, ನೌಕೆಯ ಹೊಟ್ಟೆಯದು. ಪ್ಯಾರಾಶೂಟಿನ ಅಂಗೈಯಗಲ ಬಟ್ಟೆಗೆ ಜನ ನನ್ನ ಮುಂದೆ ಕಿತ್ತಾಡ್ತಾರೆ. ನಿಮಗೇನು ಗೊತ್ತು ಇದರ ಬೆಲೆ! ಸೂಜಿ ಹಿಡಿದ ಕೈ...

ಅಲ್ಲ... ನಾನಂದದ್ದು ಹಾಗಲ್ಲ. ನೀವು ಗಗನಯಾತ್ರಿಗಳ ಗವಸು ಹೊಲೀತಿದ್ರಿ, ಅಣ್ಣ ಅದನ್ನ ತೊಟ್ಟು ಪರೀಕ್ಷೆ ಮಾಡ್ತಿದ್ದ, ನಾನು ಉಗ್ರಾಣ ನೋಡ್ಕೋತಿದ್ದೆ. ಒಂದೇ ಕಾರ್ಖಾನೆ, ಒಂದೇ ಮನೆ, ಒಂದೇ ಒಲೆ. ಮರೆತಿದೀನಾ? ಗಾಳಿ ತೆಗೆದ ಆ ಕಬ್ಬಿಣದ ಕೋಣೆಯಲ್ಲಿ ಅಣ್ಣನ ಎಡಗೈ ಗವಸು ಬಿಟ್ಟುಕೊಂಡು ಗಾಳಿ ಸೋರಿಹೋಯ್ತು. ಬಾಗಿಲು ತೆಗೆಯೋ ಹೊತ್ತಿಗೆ... ಹೊಲಿಗೆ ಸಡಿಲ ಇತ್ತು ಅಂತ ವಿಚಾರಣೆಯವರು ಬರೆದ್ರು. ನಾನು ಬರೆದ್ನಾ? ನಿಮ್ಮನ್ನ ಕೆಲಸದಿಂದ ತೆಗೆದದ್ದು ನಾನಾ? ಗಂಡನ್ನ ಕೈಯಾರೆ ಕೊಂದವಳು ಅಂತ ನಮ್ಮಮ್ಮ ಸಾಯೋವರೆಗೂ ನಿಮ್ಮ ಮುಖ ನೋಡ್ಲಿಲ್ಲ, ಅದೂ ನನ್ನ ತಪ್ಪಾ? ಹಳೇ ಹುಣ್ಣು ಕೆರೀಬೇಡಿ. ಹೋಗಿ, ಗಿರಾಕಿ ಬರೋ ಹೊತ್ತು.

ಮತ್ತೆ ಆ ಗವಸನ್ನೇ ತಿರುಗಿಸಿ ನೋಡ್ತೀರಿ! ಹೊರದೇಶದವನೊಬ್ಬನ ಹತ್ರ ಕೊಂಡದ್ದು ಅದು. ಕಾಗದಪತ್ರ ಇದೆ. ಎಲ್ಲಿದೆ ಅಂದ್ರೆ... ಇದೆ, ಎಲ್ಲೋ ಇದೆ!

ಏನು? ಬೆರಳಿಟ್ಟು ಏನು ತೋರಿಸ್ತೀರಿ? ಗಂಟಾ? ಎರಡು ಸುತ್ತಿನ ಗಂಟು ಹಾಕೋರು ಲೋಕದಲ್ಲಿ ನೀವೊಬ್ಬರೇನಾ? ಕಿರುಬೆರಳು ಮೋಟಾಗಿದೆ, ಹೌದು... ಅಣ್ಣನದೂ ಮೋಟು, ಅದೂ ಹೌದು. ಮೋಟು ಬೆರಳಿನವರು ಊರಿಗೆ ನೂರು ಜನ ಸಿಗ್ತಾರೆ! ದೊಡ್ಡ ಪೊಲೀಸಿನವರ ಹಾಗೆ ನೋಡ್ತೀರಲ್ಲ!

ಏನ್ಮಾಡ್ತಿದೀರಿ? ಊದ್ತಿದೀರಾ? ಹಾಳಾಗುತ್ತೆ, ಕೊಡಿ ಇಲ್ಲಿ! ಕೊಡಿ ಅಂದ್ರೆ... ಅಯ್ಯೋ. ಐದೂ ಬೆರಳು ಎದ್ದು ನಿಂತ್ವು. ಗವಸಿನ ಬಾಯಿ ಬಿಗಿಯಾಗಿ ಹಿಡಿದು ಕೆನ್ನೆಗೆ ಯಾಕೆ ಒತ್ಕೋತೀರಿ? ಗಾಳಿ ಸೋರುತ್ತಾ ಅಂತಾನಾ? ಕೆಳಗಿಡಿ ಅತ್ತಿಗೆ. ಅವನ ಕೈ ಇದ್ದ ಹಾಗೇ ಇದೆ... ನೋಡಕ್ಕಾಗಲ್ಲ ನನಗೆ.

ಏನಾದ್ರೂ ಅನ್ನಿ. ಬೈಯಿರಿ! ಕಪಾಳಕ್ಕೆ ಬಾರಿಸಿ!

ಆ ವಾರ ಪರೀಕ್ಷೆ ಇಲ್ಲ ಅಂದಿದ್ರು! ಒಬ್ಬ ಬಂದಿದ್ದ, ಇಂಥವನ್ನ ಕೂಡಿಡೋನು... ಹೊಸದೇ ಬೇಕು ಅಂದ. ನೀವು ಆಗಷ್ಟೇ ಹೊಲಿದು ಕೊಟ್ಟಿದ್ದ ಇದನ್ನ ಎತ್ತಿಟ್ಟೆ. ಇದರ ಪೆಟ್ಟಿಗೆಯಲ್ಲಿ ಅಣ್ಣನ ಹಳೇ ಗವಸು, ಸವೆದು ಬದಿಗಿಟ್ಟಿದ್ದು, ಅದನ್ನ ಒರೆಸಿ ಇಟ್ಟೆ. ಎರಡು ದಿನದ ಮಾತು, ಇನ್ನೊಂದು ಹೊಲಿಸಿದ್ರಾಯ್ತು ಅಂದ್ಕೊಂಡೆ. ಮಾರನೇ ದಿನಾನೇ ಅಣ್ಣನ್ನ ಆ ಕೋಣೆಯೊಳಗೆ ಕಳಿಸಿಬಿಟ್ರು. ನಾನು ಉಗ್ರಾಣದಲ್ಲಿ ಚಹಾ ಕುಡೀತಾ ಕೂತಿದ್ದೆ ಅತ್ತಿಗೆ, ನನಗೆ ಗೊತ್ತೇ ಆಗ್ಲಿಲ್ಲ... ಕೊಳ್ತೀನಿ ಅಂದೋನು ಸುದ್ದಿ ಕೇಳಿ ಮತ್ತೆ ಈ ಕಡೆ ತಲೆ ಹಾಕ್ಲಿಲ್ಲ.

ಇನ್ನೂ ಕೆನ್ನೆಗೆ ಹಿಡ್ಕೊಂಡೇ ಇದೀರಲ್ಲ. ಸೋರಲ್ಲ ಅದು. ಸಂಜೆವರೆಗೆ ಹಿಡಿದ್ರೂ ಸೋರಲ್ಲ. ಅಣ್ಣನ್ನ ಮಣ್ಣು ಮಾಡಿ ಬಂದ ದಿನ, ಹೊರಗೆ ನಮ್ಮಮ್ಮ ನಿಮ್ಮನ್ನ ಬೈತಿದ್ದಾಗ, ಕೋಣೆ ಬಾಗಿಲು ಹಾಕ್ಕೊಂಡು... ನಾನೂ ಊದಿ ನೋಡಿದ್ದೆ.