‘ಬರಂಗಿಲ್ರಿ’ಯನ್ನು ಯಾಕೆ ಓದಬೇಕು?

ಸಭೆಯ ಅಧ್ಯಕ್ಷರಾದ ಗುರುಪಾದ ಸರ್ ಅವರೇ, ಇವತ್ತು ಬಿಡುಗಡೆಯಾದ ‘ಬರಂಗಿಲ್ರಿ’ ಕಾದಂಬರಿಯನ್ನು ಬರೆದ ನಮ್ಮೂರ ಸೀಮಾ ಅವರೇ, ಎಷ್ಟು ಕರೆದರೂ ಮುಂದೆ ಬಾರದೆ ಹಿಂದಿನ ಸಾಲಿನಲ್ಲೇ ಕುಳಿತಿರುವ ಆಕೆಯ ತಾಯಿ ಬಾಳಮ್ಮನವರೇ, ಈ ಬಿಸಿಲಿನಲ್ಲೂ ನೆಲೋಗಿಯ ತನಕ ಬಂದ ಸಭಿಕರೇ,

ಉಳ್ಳವರ, ದುಡಿಯುವವರ ಜಗಳದ ಕಾದಂಬರಿಯನ್ನು ಯಾಕೆ ಓದಬೇಕು ಎಂದು ಹೇಳಲು ನನ್ನನ್ನು ಕರೆದಿದ್ದಾರೆ. ಕರೆದವರ ಧೈರ್ಯ ದೊಡ್ಡದು! ಇದರಲ್ಲಿ ಬರುವ ಉಳ್ಳವರ ಮನೆ ನಮ್ಮದೇ. ನಗಿ, ಆದರೆ ಸ್ವಲ್ಪ ಮೆಲ್ಲಗೆ. ನಮ್ಮವ್ವ ಹೀರಾಬಾಯಿ ಮುಂದಿನ ಸೋಫಾದಲ್ಲೇ ಕೂತಿದ್ದಾಳೆ.

ಇದು ಒಬ್ಬ ಹುಡುಗಿ ಬೆಳೆಯುವ ಕಥೆ. ಕೂಲಿಗೆ ಹೋಗುವ ತಾಯಿಯ ಸೆರಗು ಹಿಡಿದು ಗೌಡರ ಮನೆಗೆ ಬರುವ ಕೂಸು, ಆ ಮನೆಯ ಮಗಳ ಹಳೆಯ ಲಂಗ ಉಟ್ಟು ಶಾಲೆಗೆ ಹೋಗುತ್ತದೆ. ಆ ಲಂಗ ನನ್ನದು. ನನಗದು ನೆನಪೇ ಇರಲಿಲ್ಲ. ಸೀಮಾಗೆ ಅಂಚಿನ ಬಣ್ಣವೂ ನೆನಪಿದೆ. ಅದನ್ನು ಉಟ್ಟು ನನ್ನ ಮುಂದೆ ಹಾಯಲು ನಾಚಿಕೆಯಾಗುತ್ತಿತ್ತಂತೆ. ಒಂದೇ ಶಾಲೆಯಲ್ಲಿ ಓದಿದ ನನಗೆ ಇದು ಪುಸ್ತಕದಿಂದ ತಿಳಿಯಬೇಕಾಯಿತು.

ಒಂದು ವರ್ಷ ತೊಗರಿ ಕೊಯ್ಲಿನ ಕಾಲಕ್ಕೆ, ಕೂಲಿ ಸಾಲದೆಂದು ಹೆಣ್ಣಾಳುಗಳೆಲ್ಲ ಕೆಲಸ ಬಿಟ್ಟರು. ಅದನ್ನು ಹೇಳಲು ತಾಯಿಯ ಜೊತೆ ನಮ್ಮ ಅಂಗಳಕ್ಕೆ ಬಂದವಳು ಹೈಸ್ಕೂಲು ಹುಡುಗಿ ಸೀಮಾ.

“ನಾಳಿಂದ ಯಾರೂ ಬರಂಗಿಲ್ರಿ,” ಎಂದಳು.

ಅವ್ವನಿಗೆ ಸಿಟ್ಟು ಬಂದದ್ದು ಯಾವುದಕ್ಕೆ ಗೊತ್ತೇ? ಬರುವುದಿಲ್ಲ ಎಂದದ್ದಕ್ಕಲ್ಲ, ಕೊನೆಯ ಆ ‘ರಿ’ಗೆ! “ಕೆಲ್ಸಾ ಬಿಡಾಕತ್ತಾರ, ಮ್ಯಾಲ ರಿ ಹಚ್ಚಿ ನನಗ ಅಣಕಸಾಕತ್ತಾಳ ನೋಡು,” ಎಂದು ವರ್ಷಗಟ್ಟಲೆ ಹೇಳಿದಳು.

ಕೂಲಿ ಏರಿತು, ಕೊಯ್ಲು ಮುಗಿಯಿತು. ಅವ್ವ ಮಾತ್ರ ಬಾಳಮ್ಮನನ್ನು ಕರೆಯಲಿಲ್ಲ, ಬಾಳಮ್ಮ ಬರಲಿಲ್ಲ. ಜೇವರ್ಗಿಯ ಒಂದೇ ಬಸ್ಸಿನಲ್ಲಿ ಕೂತರೂ ಇಬ್ಬರೂ ಕಿಟಕಿಯಾಚೆ ನೋಡುತ್ತಿದ್ದರು. ನಾನು ಹುಟ್ಟಿದಾಗ ಎಣ್ಣೆ ಹಚ್ಚಿ ಎರೆದ ಬಾಳಮ್ಮ ನನ್ನ ಮದುವೆಯಲ್ಲಿ ಇರಲಿಲ್ಲ. ಅಕ್ಕಿಕಾಳು ಹಾಕುವಾಗ ಅವ್ವ ಬಾಗಿಲ ಕಡೆ ನೋಡುತ್ತಿದ್ದದ್ದು ನನಗೆ ಕಾಣುತ್ತಿತ್ತು.

ಅವ್ವನ ಕಣ್ಣು ಈಗ ಮಂದ. ಹೋದ ವಾರ ನಾನೇ ಕಾದಂಬರಿ ಓದಿ ಹೇಳಿದೆ. ಅಂಗಳದ ಪ್ರಸಂಗಕ್ಕೆ ಮೊದಲು, ನಡೆದು ಬರುವ ದಾರಿಯಲ್ಲಿ ತಾಯಿ ಮಗಳಿಗೆ ಹೇಳುತ್ತಾಳೆ: “ನಮ್ಮ ಹಕ್ಕಿಂದು ನಾವು ಕೇಳೂನು. ಆದ್ರ ರಿ ಮಾತ್ರ ಬಿಡಬ್ಯಾಡ ಬೇ. ಗೌಡ್ತೇರ ಮನಸ್ಸು ನೋಯ್ತದ.”

“ಖರೇನ ಹಂಗ ಬರದಾಳೇನು? ಇನ್ನೊಮ್ಮಿ ಓದು,” ಎಂದಳು ಅವ್ವ. ಓದಿದೆ. ಸೆರಗಿನಿಂದ ಕಣ್ಣೊರೆಸಿಕೊಂಡಳು. “ಇಷ್ಟು ವರ್ಷ ಯಾರೂ ನನಗ ಹೇಳ್ಲಿಲ್ಲಲ್ಲ!”

ಯಾರು ಹೇಳಬೇಕಿತ್ತು, ಸಭಿಕರೇ? ಜಗಳವನ್ನು ನಾವು ನಮ್ಮ ಅಂಗಳದಲ್ಲಿ ನಿಂತೇ ನೋಡಿದ್ದೆವು. ಅಲ್ಲಿಗೆ ಅವರು ನಡೆದು ಬಂದ ದಾರಿ ನಮಗೆ ಕಂಡಿರಲಿಲ್ಲ. ಕೂಲಿಯ ವಿಷಯದಲ್ಲಿ ಸೀಮಾ ನಮಗೆ ಎಲ್ಲೂ ದಾಕ್ಷಿಣ್ಯ ತೋರಿಲ್ಲ, ತೋರಬೇಕಾಗಿಯೂ ಇಲ್ಲ. ಆದರೆ ಆ ದಾರಿಯಲ್ಲಿ ನಮ್ಮನ್ನೂ ಕೈಹಿಡಿದು ನಡೆಸಿದ್ದಾಳೆ. ಅದಕ್ಕೇ ಓದಬೇಕು.

ಇನ್ನೂ ನಾಲ್ಕು ಮಾತು ಆಡುವುದಿತ್ತು. ಆದರೆ ಅವ್ವ ಎದ್ದಿದ್ದಾಳೆ. ಹಿಂದಿನ ಸಾಲಿಗೆ ನಡೆದಿದ್ದಾಳೆ. ದಯವಿಟ್ಟು ಸ್ವಲ್ಪ ದಾರಿ ಬಿಡಿ. ಬಾಳಮ್ಮನವರು ಪಕ್ಕದ ಖುರ್ಚಿಯ ಮೇಲಿದ್ದ ತಮ್ಮ ಚೀಲ ತೆಗೆದು ಮಡಿಲಲ್ಲಿಟ್ಟುಕೊಂಡರು.

ಕರೆದವರಿಗೆ, ಕೇಳಿದವರಿಗೆ ನನ್ನ ವಂದನೆಗಳು. ಮೈಕಿನಲ್ಲಿ ನಾನು ಮಾತಾಡುತ್ತಲೇ ಇದ್ದರೆ ಅವರಿಬ್ಬರ ಮಾತು ಅವರಿಗೆ ಕೇಳಿಸುವುದಿಲ್ಲ. ನಮಸ್ಕಾರ.