ಎದೆಯ ಸ್ಕ್ಯಾನ್ ಹೇಳಿದ್ದು

ಸ್ಕ್ಯಾನ್ ಕೋಣೆಯ ಹೊರಗೆ ಸರದಿಗಾಗಿ ಕಾಯುತ್ತಿದ್ದ ದರ್ಜಿಗೆ ಪಕ್ಕದ ಬೆಂಚಿನ ಗಂಡ ಹೆಂಡತಿಯ ಮಾತು ಕಿವಿಗೆ ಬಿತ್ತು. ಗಂಡನಿಗೆ ವೈರಲ್ ನ್ಯುಮೋನಿಯಾ ಬಂದು ಹೋಗಿತ್ತು.

“ಜ್ವರ ಬಿಟ್ಟ ಮೇಲೆ ಎಲ್ಲ ಸರಿಹೋಯ್ತು ಅಂದಿದ್ರಿ. ಡಾಕ್ಟರು ನೋಡಿದ್ರೆ ಶ್ವಾಸಕೋಶದಲ್ಲಿ ಇನ್ನೂ ಬಿಳಿ ಕಲೆ ಇದೆ ಅಂತಾರೆ.”

“ಮೊದಲಿಗಿಂತ ಕಮ್ಮಿ ಆಗಿದೆ ಅಂತಾನೂ ಅಂದ್ರಲ್ಲ.”

“ಮತ್ತೆ ಮೆಟ್ಟಿಲ ಮಧ್ಯೆ ನಿಂತ್ಕೊಂಡು ಫೋನ್ ನೋಡ್ತಿದ್ದಿದ್ದು?”

“ಉಸಿರು ಸಾಲ್ತಿರ್ಲಿಲ್ಲ. ನೀನು ಹೆದರ್ತೀಯ ಅಂತ ಹೇಳ್ಲಿಲ್ಲ.”

“ನಂಗೆ ಗೊತ್ತಿತ್ತು. ಹಾಸಿಗೇನ ಮಹಡಿಯಿಂದ ಕೆಳಗಿನ ಕೋಣೆಗೆ ನಾನ್ಯಾಕೆ ತಂದೆ ಅಂದ್ಕೊಂಡ್ರಿ?”

“ಮೇಲೆ ಸೋರುತ್ತೆ ಅಂದಿದ್ದೆಯಲ್ಲ.”

“ಸುಳ್ಳು ನೀವೊಬ್ರೇ ಹೇಳ್ಬೇಕಾ?”

ಗಂಡ ನಗಲು ಹೋಗಿ ಕೆಮ್ಮಿದ. “ಕೈ ಕೊಡು, ಮೆಲ್ಲಗೆ ಹೋಗೋಣ,” ಎಂದು ಎದ್ದ.

ಅವರು ಮರೆಯಾದರು. ನೂಲು ತರುತ್ತೇನೆಂದು ಮನೆಯಲ್ಲಿ ಹೇಳಿ ಬಂದಿದ್ದ ದರ್ಜಿ, ಫೋನ್ ತೆಗೆದು ಮಗಳಿಗೆ ಕರೆ ಮಾಡಿದ.